ಒಂದೇ ಟೇಬಲ್ಲನ್ನು ಜಾಯಿನ್ ಮಾಡಿ ಅಪ್‌ಡೇಟ್ ಮಾಡಿದರೆ ಎಲ್ಲ ಸಾಲಿಗೂ ಒಂದೇ ದರ ಬರುತ್ತಿದೆ

ಪ್ರಶ್ನೆ (ಕಲಬುರಗಿ):
ನಮಸ್ಕಾರ. ಇಲ್ಲಿನ ಗಂಜ್‌ನಲ್ಲಿರುವ (ಧಾನ್ಯ ಮಾರುಕಟ್ಟೆ) ನಮ್ಮ ಅಡತ (ದಲ್ಲಾಳಿ) ಅಂಗಡಿಯ ಲೆಕ್ಕವನ್ನು ಎಸ್‌ಕ್ಯುಎಲ್ ಸರ್ವರ್ ಎಂಬ ಡೇಟಾಬೇಸ್‌ನಿಂದ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದಕ್ಕೆ ತಂದಿದ್ದೇನೆ. ‘ಧಾರಣೆ’ ಟೇಬಲ್ಲಿನಲ್ಲಿ ಐಡಿ, ಕಾಳು, ದಿನಾಂಕ, ದರ, ಹಿಂದಿನ_ದರ ಎಂಬ ಕಾಲಂಗಳಿದ್ದು, ತೊಗರಿ, ಕಡಲೆ, ಹೆಸರು ಈ ಮೂರಕ್ಕೂ ದಿನಕ್ಕೊಂದು ಸಾಲಿದೆ. ಹಿಂದಿನ ದಿನದ ದರವನ್ನು ಅದೇ ಟೇಬಲ್ಲಿನಿಂದ ತೆಗೆದು ತುಂಬಬೇಕು. ಹಳೆಯ ‘ಅಪ್‌ಡೇಟ್ ಅ ... ಫ್ರಮ್ ಧಾರಣೆ ಅ ಜಾಯಿನ್ ಧಾರಣೆ ಬ’ ಕ್ವೆರಿಗೆ (‘ಅ’, ‘ಬ’ ಎರಡೂ ಅದೇ ಟೇಬಲ್ಲಿಗೆ ಕೊಟ್ಟ ಅಡ್ಡಹೆಸರುಗಳು; ಜಾಯಿನ್ ಅವುಗಳ ಸಾಲುಗಳನ್ನು ಜೋಡಿಸುತ್ತದೆ), ‘ಅ’ ಎಂಬ ಟೇಬಲ್ಲೇ ಇಲ್ಲವೆಂಬ ಎರರ್ ಬಂದದ್ದರಿಂದ ‘ಅಪ್‌ಡೇಟ್ ಧಾರಣೆ’ ಎಂದು ತಿದ್ದಿದೆ. ಈಗ ಎರರ್ ಇಲ್ಲ. ಆದರೆ ತೊಗರಿ, ಕಡಲೆಯೆನ್ನದೆ ಎಲ್ಲ ಸಾಲಿನಲ್ಲೂ 7,150 ಕುಳಿತಿದೆ.

ಉತ್ತರ (ಬೀದರ್):
ತಾವು ತಿದ್ದಿದ ಆ ಒಂದು ಪದದಲ್ಲೇ ತೊಡಕಿದೆ, ಸರ್. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಅಪ್‌ಡೇಟ್ ಮುಂದಿನ ‘ಅ’ ಮತ್ತು ಫ್ರಮ್‌ನಲ್ಲಿರುವ ‘ಅ’ ಎರಡೂ ಒಂದೇ. ಪೋಸ್ಟ್‌ಗ್ರೆಸ್‌ನಲ್ಲಾದರೋ ಅಪ್‌ಡೇಟ್ ಮುಂದೆ ಬರೆದ ಟೇಬಲ್ ತಾನೇ ಒಂದು ಪ್ರತಿಯಾಗಿ ಕೂಡಿಕೊಂಡಿರುತ್ತದೆ. ಫ್ರಮ್‌ನಲ್ಲಿ ಮತ್ತೆರಡು ಸಲ ಬರೆದುದರಿಂದ ಒಟ್ಟು ಮೂರು ಪ್ರತಿಗಳಾದವು. ‘ಅ’, ‘ಬ’ ಪರಸ್ಪರ ಹೊಂದಿಕೊಂಡಿದ್ದರೂ ಬದಲಾಗಬೇಕಾದ ಮೂರನೆಯದಕ್ಕೆ ಅವುಗಳೊಡನೆ ಯಾವ ಸಂಬಂಧವೂ ಇಲ್ಲದ ಕಾರಣ, ಪ್ರತಿ ಸಾಲಿಗೂ ಎಲ್ಲ ಜೋಡಿಗಳೂ ಹೊಂದಿ, ಯಾವುದೋ ಒಂದರ ದರ ಬಂದು ಕೂರುತ್ತದೆ. ಎರರ್ ಬಂದಿದ್ದರೇ ಒಳ್ಳೆಯದಿತ್ತು.

ಹೀಗೆ ಬರೆಯಿರಿ (ಕೀವರ್ಡ್‌ಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ):

ಅಪ್‌ಡೇಟ್ ಧಾರಣೆ ಆ್ಯಸ್ ಇಂದು
ಸೆಟ್ ಹಿಂದಿನ_ದರ = ನಿನ್ನೆ.ದರ
ಫ್ರಮ್ ಧಾರಣೆ ಆ್ಯಸ್ ನಿನ್ನೆ
ವ್ಹೇರ್ ನಿನ್ನೆ.ಕಾಳು = ಇಂದು.ಕಾಳು
ಆ್ಯಂಡ್ ನಿನ್ನೆ.ದಿನಾಂಕ = ಇಂದು.ದಿನಾಂಕ - 1;

ಸೆಟ್‌ನ ಎಡಗಡೆಯ ಕಾಲಂಗೆ ‘ಇಂದು.’ ಎಂದು ಸೇರಿಸಬಾರದು. ದಿನಾಂಕದ ಕಾಲಂ ‘ಡೇಟ್’ ಮಾದರಿಯದ್ದಾಗಿರಬೇಕು.

ಪ್ರಶ್ನೆ:
ಉಳಿದ ಸಾಲುಗಳು ಸರಿಯಾದವು. ಸೋಮವಾರದ ಸಾಲುಗಳಲ್ಲಿ ಮಾತ್ರ ಇನ್ನೂ ಅದೇ 7,150 ಇದೆ. ಭಾನುವಾರದ ಸಾಲುಗಳು ನಮ್ಮಲ್ಲಿಲ್ಲ.

ಉತ್ತರ:
ಜೋಡಿ ಸಿಗದ ಸಾಲನ್ನು ಅಪ್‌ಡೇಟ್ ಮುಟ್ಟುವುದೇ ಇಲ್ಲವಾದ್ದರಿಂದ ಅಲ್ಲಿ ಹಳೆಯ ತಪ್ಪು ಹಾಗೆಯೇ ಉಳಿದಿದೆ. ರಜೆಗಳಿರುವಾಗ ದಿನಾಂಕದಿಂದ ಒಂದು ಕಳೆಯುವ ಲೆಕ್ಕ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ, ಹಿಂದಿನ ಸಾಲಿನ ಬೆಲೆಯನ್ನು ತಂದುಕೊಡುವ ‘ಲ್ಯಾಗ್’ ಬಳಸುವುದೇ ಸರಿ:

ಅಪ್‌ಡೇಟ್ ಧಾರಣೆ ಆ್ಯಸ್ ಇಂದು
ಸೆಟ್ ಹಿಂದಿನ_ದರ = ಪಟ್ಟಿ.ಹಳೆಯದು
ಫ್ರಮ್ (ಸೆಲೆಕ್ಟ್ ಐಡಿ, ಲ್ಯಾಗ್(ದರ) ಓವರ್ (ಪಾರ್ಟಿಶನ್ ಬೈ ಕಾಳು ಆರ್ಡರ್ ಬೈ ದಿನಾಂಕ) ಆ್ಯಸ್ ಹಳೆಯದು ಫ್ರಮ್ ಧಾರಣೆ) ಆ್ಯಸ್ ಪಟ್ಟಿ
ವ್ಹೇರ್ ಪಟ್ಟಿ.ಐಡಿ = ಇಂದು.ಐಡಿ;

ಐಡಿ ಪ್ರೈಮರಿ ಕೀ (ಪ್ರತಿ ಸಾಲಿಗೂ ಬೇರೆಯಾದ ಗುರುತು) ಆಗಿದ್ದರೆ ಪ್ರತಿ ಸಾಲಿಗೂ ಒಂದೇ ಜೋಡಿ ಸಿಗುತ್ತದೆ. ಮೊದಲು ‘ಬಿಗಿನ್’ ಕೊಟ್ಟು, ಕ್ವೆರಿ ಓಡಿಸಿ, ನಾಲ್ಕಾರು ಸೋಮವಾರಗಳನ್ನು ಸೆಲೆಕ್ಟ್ ಮಾಡಿ ನೋಡಿದ ಮೇಲೆಯೇ ‘ಕಮಿಟ್’ ಕೊಡಿ (ಬದಲಾವಣೆ ಖಾಯಂ ಆಗುತ್ತದೆ), ಸರಿಯಿಲ್ಲದಿದ್ದರೆ ‘ರೋಲ್‌ಬ್ಯಾಕ್’ (ಬದಲಾವಣೆ ರದ್ದಾಗುತ್ತದೆ).

ಪ್ರಶ್ನೆ:
ಸೋಮವಾರಕ್ಕೆ ಶನಿವಾರದ ದರ ಬಂದಿದೆ. ಪ್ರತಿ ಕಾಳಿನ ಮೊದಲ ಸಾಲಷ್ಟೇ ಖಾಲಿ ಇದೆ. ಕಮಿಟ್ ಮಾಡಿದೆ, ಸರ್.