ಹಾಸನದಲ್ಲಿ ಮಕ್ಕಳಿಗೆ ಡಿಜಿಟಲ್ ಮಾಧ್ಯಮ ಶಿಬಿರ: ಮಾಡಿದವರು ಅನುಭವ ಹೇಳಿ

ಕೇಳಿದವರು (ಹಾಸನ): ಬೇಸಿಗೆ ರಜೆಗೆ ನಮ್ಮ ಕಲಿಕಾ ಕೇಂದ್ರದಲ್ಲಿ ಶಿಬಿರ. 7ರಿಂದ 9ನೇ ಕ್ಲಾಸಿನ 20 ಮಕ್ಕಳು, 10 ದಿನ, ದಿನಕ್ಕೆ 2 ಗಂಟೆ. ಹಳೇ ಕಂಪ್ಯೂಟರ್ 4, ಕೈಯಲ್ಲಿ 25,000 ರೂಪಾಯಿ. ಸ್ಟಾಪ್ ಮೋಷನ್ (ಗೊಂಬೆಯನ್ನ ಚೂರುಚೂರೇ ಸರಿಸಿ ಒಂದೊಂದು ಫೋಟೋ ತೆಗೆದು ಸಿನಿಮಾ ಮಾಡೋದು), ವಿಡಿಯೋ, ಸ್ಕ್ರ್ಯಾಚ್ (ಬ್ಲಾಕ್ ಜೋಡಿಸಿ ಬೆಕ್ಕಿನಂಥ ಚಿತ್ರಗಳನ್ನ ಓಡಾಡಿಸೋ ಮಕ್ಕಳ ಪ್ರೋಗ್ರಾಮಿಂಗ್) ಮೂರೂ ಕಲಿಸೋಣ ಅಂತಿದ್ದೀವಿ. ಖರ್ಚು, ತೊಂದರೆ ಏನೇನು?

ಜೇಡಿಮಣ್ಣು: ಮೂರೂ ಬೇಡ, ಸ್ಟಾಪ್ ಮೋಷನ್ ಒಂದೇ ಹತ್ತು ದಿನ ನುಂಗುತ್ತೆ. ಸೆಕೆಂಡಿಗೆ 12 ಫ್ರೇಮ್ ಅಂದ್ರೆ 30 ಸೆಕೆಂಡಿಗೆ 360 ಫೋಟೋ. ಗುಂಪಿಗೆ ಐದು ಮಕ್ಕಳು: ಒಬ್ಬರು ಕ್ಲಿಕ್, ಇಬ್ಬರು ಗೊಂಬೆ ಸರಿಸೋದು, ಒಬ್ಬರು ಎಣಿಕೆ, ಇನ್ನೊಬ್ಬರ ಕೆಲಸ ಚೌಕಟ್ಟಿನಲ್ಲಿ ಯಾರದ್ದಾದ್ರೂ ಕೈ ಉಳಿದಿದೆಯಾ ಅಂತ ಕಾಯೋದು ಅಷ್ಟೇ. ಆ ಕಾವಲು ಇಲ್ಲದಿದ್ರೆ ಸಿನಿಮಾ ತುಂಬ ಬೆರಳು.

4 ಟ್ರೈಪಾಡಿಗೆ ಬಿದ್ದಿದ್ದು 2,400. ಎರಡರ ಕತ್ತು ಮೂರನೇ ದಿನಕ್ಕೇ ಸಡಿಲ. ಫೋನ್ ಕೂದಲೆಳೆಯಷ್ಟು ಮುಂದಕ್ಕೆ ಬಾಗಿದ್ದು ಹೊಡೆಯುವಾಗ ಗೊತ್ತಾಗಲ್ಲ, ಓಡಿಸಿ ನೋಡಿದ್ರೆ ಮೇಜೇ ಮೇಲೇರುತ್ತಿರುತ್ತೆ. ಕಾಲುಗಳನ್ನ ಟೇಪ್ ಹಾಕಿ ಬಿಗಿ ಮಾಡಿ. ಪರದೆ ಮುಟ್ಟಿ ಕ್ಲಿಕ್ ಬೇಡ. ವೈರ್ ಇಯರ್‌ಫೋನಿನ ವಾಲ್ಯೂಮ್ ಗುಂಡಿ ಬಹಳಷ್ಟು ಫೋನುಗಳಲ್ಲಿ ಶಟರ್ ಕೆಲಸ ಮಾಡುತ್ತೆ. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬೆಳಕಿನ ಪ್ರಮಾಣ, ಬಣ್ಣದ ಛಾಯೆ) ಮೂರೂ ಫೋನ್ ತಾನೇ ಬದಲಿಸದಂತೆ ಲಾಕ್. ಆಮೇಲೂ ಕಿಟಕಿ ಮುಚ್ಚಿ ಬಲ್ಬಿನ ಬೆಳಕಲ್ಲೇ ಹೊಡೀರಿ. ಏಪ್ರಿಲ್ ಮಧ್ಯಾಹ್ನ ಒಂದು ಮೋಡ ಹಾದುಹೋದರೆ ಇಡೀ ದೃಶ್ಯ ಮಿಣಮಿಣ ಅನ್ನುತ್ತೆ. ಕುಂಬಾರರ ಮಣ್ಣು ಒಣಗಿ ಬಿರಿಯುತ್ತೆ (ಹೆಸರು ನೋಡಿ ಮೋಸ ಹೋಗಬೇಡಿ), ಎಣ್ಣೆಯ ಕ್ಲೇ ತನ್ನಿ.

ಹಳೇ ಎಡಿಟರ್ (ಚಿಕ್ಕಮಗಳೂರು): 360 ಸಲ ಕ್ಲಿಕ್ ಮಾಡಿಸಿ ಮಕ್ಕಳ ಸೊಂಟ ಮುರಿಸೋದಕ್ಕೆ ಶಿಬಿರ ಯಾಕೆ ಬೇಕಿತ್ತು? ವಿಡಿಯೋ ಮಾಡಿಸಿ. ನಮ್ಮ ಖರ್ಚು: 4 ಎಸ್‌ಎಸ್‌ಡಿಗೆ (ಕಂಪ್ಯೂಟರಿನ ವೇಗದ ಡಿಸ್ಕ್) 7,600, ಸೆಕೆಂಡ್ ಹ್ಯಾಂಡ್ ರ್‍ಯಾಮಿಗೆ 3,600, ಎರಡು ಕಾಲರ್ ಮೈಕ್ 1,500. ಒಟ್ಟು 12,700. ಎಡಿಟಿಂಗ್ ಕೆಡೆನ್‌ಲೈವ್, ಧ್ವನಿಗೆ ಆಡಾಸಿಟಿ, ಎರಡೂ ಉಚಿತ.

ಕಾಡಿದ್ದು ದುಡ್ಡಲ್ಲ, ಧ್ವನಿ. ಫೋನಿನ ವಿಡಿಯೋದ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ಒಂದೇ ಸಮ ಇರಲ್ಲ. ಎಡಿಟಿಂಗಿಗೆ ಹಾಕಿದರೆ ಮೊದಮೊದಲು ಸರಿ ಇರುತ್ತೆ, ಆಮೇಲಾಮೇಲೆ ತುಟಿ ಒಂದು ಕಡೆ ಮಾತು ಒಂದು ಕಡೆ. ಮೊದಲೇ ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಪರಿವರ್ತಕದಲ್ಲಿ ಕಾನ್‌ಸ್ಟೆಂಟ್ ಫ್ರೇಮ್ ರೇಟ್ ಆರಿಸಿ, 30ಕ್ಕೆ ಇಟ್ಟು ಪರಿವರ್ತಿಸಿಕೊಳ್ಳಿ. ಶೀಟಿನ ಮಾಡಾದರೆ ಮಳೆ ಬಂದಾಗ ರೆಕಾರ್ಡಿಂಗ್ ಮರೆತುಬಿಡಿ. ಖಾಲಿ ಕೋಣೆ ಗುಯ್ ಅಂತಿದ್ರೆ ಗೋಡೆಗೆ ಎರಡು ಕಂಬಳಿ ನೇತುಹಾಕಿ.

ಬೆಕ್ಕಿನ ಪಕ್ಷ: ಇಬ್ಬರೂ ಅಂಗಡಿ ಪಟ್ಟಿ ಓದ್ತಿದ್ದೀರಲ್ಲ! ಸ್ಕ್ರ್ಯಾಚ್‌ಗೆ ಒಂದು ಪೈಸೆ ಇಲ್ಲ, ಒಮ್ಮೆ ಇಳಿಸಿಕೊಂಡ್ರೆ ನೆಟ್ಟೂ ಬೇಡ. ಎಚ್ಚರ ಒಂದೇ: ವೇದಿಕೆಯ ಅಳತೆ 480×360. ಫೋನಿನ ದೊಡ್ಡ ಫೋಟೋ ಹಾಗೇ ತುರುಕಬೇಡಿ, ಚಿಕ್ಕದು ಮಾಡಿಯೇ ಹಾಕಿ.

ಜೇಡಿಮಣ್ಣು: ಬೆಕ್ಕು ಎಡದಿಂದ ಬಲಕ್ಕೆ ಓಡಿದ್ರೆ ಅನಿಮೇಷನ್ ಆಯ್ತಾ ಸ್ವಾಮಿ?

ಬೆಕ್ಕಿನ ಪಕ್ಷ: ಮಣ್ಣಿನ ಮುದ್ದೆ ಓಡಿದ್ರೆ ಆಗುತ್ತಾ?

ಹಳೇ ಎಡಿಟರ್: ವಿಡಿಯೋದಲ್ಲಿ ಕನ್ನಡ ಟೈಟಲ್ ಬರೆಯೋ ವಿಷಯ ಯಾರೂ ಎತ್ತಲಿಲ್ಲ. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಎಡಿಟಿಂಗ್ ತಂತ್ರಾಂಶಕ್ಕೆ ಅಂಟಿಸಿದ್ರೆ ಬರೋದು ಚುಕ್ಕಿ ಕೊಂಬು ಹೊತ್ತ ಇಂಗ್ಲಿಷ್ ಅಕ್ಷರ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬಿಟ್ಟು ಬೇರೆ ಹಾದಿ ಇಲ್ಲ.

ಡಿಟಿಪಿ ಮೇಷ್ಟ್ರು: ತಪ್ಪು. ಯೂನಿಕೋಡಲ್ಲೇ ಟೈಪಿಸಿದ್ರೂ ಹಳೇ ಫೋಟೋಶಾಪಿನಲ್ಲಿ ಚಿಕ್ಕಮಗಳೂರಿನ ಒತ್ತು ಕಳಚಿ ‘ಚಿಕ್‌ಕಮಗಳೂರು’ ಆಗುತ್ತೆ. ಅಲ್ಲಿ ನುಡಿಯೇ ಕೈ ಹಿಡಿಯೋದು.

ಹಳೇ ಎಡಿಟರ್: ಮೇಷ್ಟ್ರೇ, ಅದು ಯೂನಿಕೋಡಿನ ದೋಷ ಅಲ್ಲ, ಸೆಟ್ಟಿಂಗಿನದು. ಟೈಪ್ ಪ್ರಿಫರೆನ್ಸಿನಲ್ಲಿ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಆರಿಸಿ, ಹೊಸ ಫೈಲ್ ತೆರೆದು ನೋಡಿ. ಅಥವಾ ಇಂಕ್‌ಸ್ಕೇಪಿನಲ್ಲಿ (ಚಿತ್ರ ಬರೆಯೋ ತಂತ್ರಾಂಶ) ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ ಬರೆದು, ಹಿನ್ನೆಲೆ ಇಲ್ಲದ ಚಿತ್ರವಾಗಿ ಪಿಎನ್‌ಜಿ ಮಾಡಿ ವಿಡಿಯೋ ಮೇಲೆ ಕೂರಿಸಿ.

ಡಿಟಿಪಿ ಮೇಷ್ಟ್ರು: ಲಗ್ನಪತ್ರಿಕೆ ಹೊತ್ತಲ್ಲಿ ಗಿರಾಕಿ ಎದುರು ಕೂತಿರ್ತಾನೆ, ಇಂಕ್‌ಸ್ಕೇಪ್ ಕಲೀತಾ ಕೂರೋಕಾಗುತ್ತಾ?

ಬೆಕ್ಕಿನ ಪಕ್ಷ: ಇಲ್ಲಿ ಯಾರ ಮದುವೆ?

ಹೇಮಾವತಿ ದಂಡೆ: ಜಗಳದ ಮಧ್ಯೆ ಎರಡು ಮಾತು. ಮಕ್ಕಳ ಮುಖ ಇರೋ ವಿಡಿಯೋ ಯೂಟ್ಯೂಬಿಗೆ ಹಾಕೋ ಮುಂಚೆ ಅಪ್ಪ-ಅಮ್ಮನ ಸಹಿ ತಗೊಳ್ಳಿ. 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಬೇಲೂರು, ಹಳೇಬೀಡಿಗೆ ಶೂಟಿಂಗಿಗೆ ಹೋಗೋದಾದ್ರೆ ಟ್ರೈಪಾಡಿಗೆ ಪುರಾತತ್ವ ಇಲಾಖೆ ಅನುಮತಿ ಬೇಕು, ಕೈಯಲ್ಲಿ ಫೋನ್ ಹಿಡಿದು ಹೋಗಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಕಂಪ್ಯೂಟರ್ ನೋಡಿಸಿದೆ, ನಾಲ್ಕರಲ್ಲೂ ರ್‍ಯಾಮ್ 2 ಜಿಬಿ. ಎಡಿಟಿಂಗ್ ಆಗುತ್ತಾ?

ಹಳೇ ಎಡಿಟರ್: ಆಗಲ್ಲ. ರ್‍ಯಾಮ್ 8ಕ್ಕೆ ಏರಿಸಿ, 720ಪಿ ಗುಣಮಟ್ಟದಲ್ಲಿ ಶೂಟ್ ಮಾಡಿ, ಪ್ರಾಕ್ಸಿ ಕ್ಲಿಪ್ (ಎಡಿಟಿಂಗಿಗೆ ಬಳಸೋ ಹಗುರ ಪ್ರತಿ) ಆನ್ ಮಾಡಿಕೊಳ್ಳಿ. ಕಂಪ್ಯೂಟರಿನ ಮದರ್‌ಬೋರ್ಡ್ ಎಷ್ಟು ತಡೆಯುತ್ತೆ ಅಂತ ಮೊದಲು ಕೇಳಿ, ಆಮೇಲೆ ರ್‍ಯಾಮ್ ಕೊಳ್ಳಿ.

ಜೇಡಿಮಣ್ಣು: ಫೋನಿನಲ್ಲೇ ಮುಗಿಯೋ ಕೆಲಸ ಅಂತ ಮೊದಲೇ ಹೇಳಿದ್ದೆ.

ಹಳೇ ಎಡಿಟರ್: ಎಲ್ಲಿ ಹೇಳಿದ್ರಿ, ತೋರಿಸಿ.