ಜಯಧರ ಹತ್ತಿಗೆ ಹೈಬ್ರಿಡ್ ಪರಾಗ ಹಚ್ಚಿದರೆ ಕಾಯಿ ಉದುರುತ್ತಿದೆ. ಎರಡೂ 26 ತಾನೇ?

ಎರೆಹೊಲ, ಗದಗ:
ನಮಸ್ಕಾರ ರೀ. ಹಿತ್ತಲಲ್ಲಿ ಐದು ಜಯಧರ (ದೇಸಿ ಹತ್ತಿ) ಗಿಡ, ಪಕ್ಕದಲ್ಲೇ ನಾಲ್ಕು ಹೈಬ್ರಿಡ್ ಹತ್ತಿ ಗಿಡ ಇವೆ. ಹೊಟ್ಟೆಪಾಡಿಗಲ್ಲ, ಸುಮ್ನೆ ಹುಚ್ಚು. ಜಯಧರದ ಗಟ್ಟಿತನ, ಹೈಬ್ರಿಡ್‌ನ ಉದ್ದ ಎಳೆ ಒಂದೇ ಗಿಡದಲ್ಲಿ ಬರಲಿ ಅಂತ ಕ್ರಾಸಿಂಗ್ ಶುರು ಮಾಡಿದೆ. ಸಂಜೆ ಜಯಧರದ ಮೊಗ್ಗು ಸುಲಿದು, ಕೇಸರ ತೆಗೆದು, ಕಾಗದದ ಚೀಲ ಹಾಕಿದೆ. ಮರುದಿನ ಬೆಳಿಗ್ಗೆ ಹೈಬ್ರಿಡ್ ಹೂವಿನ ಪರಾಗ ಮುಟ್ಟಿಸಿದೆ. 32 ಹೂ ಮಾಡಿದ್ದೆ, 31 ಉದುರಿದವು. ಉದುರಿದ ಒಂದನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಬೀಜ ಆಗಬೇಕಿದ್ದವು ಕಂದಾಗಿ ಸುಕ್ಕುಗಟ್ಟಿದ್ದವು.

ಮೊದಲೇ ಕ್ರೋಮೋಸೋಮ್ (ಜೀವಕೋಶದಲ್ಲಿ ಗುಣ ಹೊರುವ ವರ್ಣತಂತು) ಲೆಕ್ಕ ನೋಡಿಕೊಂಡಿದ್ದೆ. ಜಯಧರಕ್ಕೆ 26, ಹೈಬ್ರಿಡ್‌ಗೂ 26. ಮತ್ತೆ ಎಲ್ಲಿ ತಪ್ಪಿತು?

ಕ್ರಾಸಿಂಗ್ ಅಕ್ಕ, ರಾಣೆಬೆನ್ನೂರು:
ಬೀಜದ ಪ್ಲಾಟಿನಲ್ಲಿ ನಾವು ದಿನವಿಡೀ ಇದನ್ನೇ ಮಾಡುತ್ತೇವೆ. ಮೊಗ್ಗು ಸುಲಿಯುವಾಗ ಎಳೆಗಾಯಿಗೆ ಉಗುರು ತಾಗಿದರೂ ಉದುರುತ್ತದೆ ತಮ್ಮಾ. ಅದೇ ಕೈಯಿಂದ ಜಯಧರಕ್ಕೆ ಜಯಧರದ್ದೇ ಪರಾಗ ಹಚ್ಚಿ ನೋಡು.

ಎರೆಹೊಲ:
ಹಚ್ಚಿದೆ ಅಕ್ಕಾ. 10ರಲ್ಲಿ 7 ನಿಂತವು.

ಹಳೇ ಮಾಸ್ತರ, ಧಾರವಾಡ:
ಹಾಗಾದರೆ ಕೈ ಸರಿ ಇದೆ, ಲೆಕ್ಕ ತಪ್ಪಿದೆ. ನೀವು ಓದಿದ ಮೊದಲ 26ರ ಹಿಂದೆ ‘2ಎನ್’ ಅಂತ ಇತ್ತು, ಎರಡನೆಯದರ ಹಿಂದೆ ಬರೀ ‘ಎನ್’ ಇತ್ತು. ಪಂದ್ಯ ಕಟ್ಟುತ್ತೇನೆ!

2ಎನ್ ಅಂದರೆ ಎಲೆ, ಬೇರಿನ ಜೀವಕೋಶದ ಎಣಿಕೆ. ತಾಯಿಯದೊಂದು ಪಾಲು, ತಂದೆಯದೊಂದು ಪಾಲು, ಇದೇ ಡಿಪ್ಲಾಯ್ಡ್. ಎನ್ ಅಂದರೆ ಪರಾಗದ ಅಥವಾ ಅಂಡದ ಎಣಿಕೆ, ಅರ್ಧ. ಅದು ಹ್ಯಾಪ್ಲಾಯ್ಡ್. ನಮ್ಮಲ್ಲಿ 46 ಮತ್ತು 23 ಇದ್ದಂತೆ. ಜಯಧರದ ಎಲೆಯಲ್ಲಿ 26, ಅಂಡದಲ್ಲಿ 13. ಹೈಬ್ರಿಡ್‌ನ ಎಲೆಯಲ್ಲಿ 52, ಪರಾಗದಲ್ಲಿ 26. ನೀವು ಒಂದರ ಎಲೆಯನ್ನು ಇನ್ನೊಂದರ ಪರಾಗದ ಜೊತೆ ತೂಗಿದಿರಿ. ಸೇರಿದ್ದು 13 + 26, ಅಂದರೆ 39. ಈ ಹೊಂದದ ಲೆಕ್ಕದಿಂದಲೇ ಬೀಜ ಸುಕ್ಕಿ ಕಾಯಿ ಉದುರಿದ್ದು.

ಇಲ್ಲೊಂದು ಮೋಸದ ಜಾಗ ಇದೆ. ಹ್ಯಾಪ್ಲಾಯ್ಡ್ ಅಂದರೆ ‘ಒಂದೇ ಸೆಟ್’ ಅಂತ ನಾನೂ ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಹೈಬ್ರಿಡ್ ಹತ್ತಿಯ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಅದರ ಪರಾಗದ 26ರಲ್ಲಿ ಎರಡು ಸೆಟ್ ಇವೆ. 13 ನಮ್ಮ ದೇಸಿ ಹತ್ತಿಯ ಬಳಗದವು, ಇನ್ನು 13 ಅಮೆರಿಕದ ಕಾಡುಹತ್ತಿಯ ಬಳಗದವು. ಹಾಗಾಗಿ ಅರ್ಧ ಅನ್ನಿ, ಒಂದು ಸೆಟ್ ಅನ್ನಬೇಡಿ.

ಎರೆಹೊಲ:
ಹೌದ್ರಿ ಸರ್, ಈಗ ತೆಗೆದು ನೋಡಿದೆ. ಎನ್ ಅಂತಲೇ ಇದೆ! ಆದರೆ ಒಂದು ಕಾಯಿ ನಿಂತಿದೆ, ಮೂರು ಬೀಜ ಸಿಕ್ಕಿವೆ. ಬಿತ್ತಲಾ?

ಹಳೇ ಮಾಸ್ತರ:
ಬಿತ್ತಿ. ಜಯಧರದಂತೆಯೇ ಬೆಳೆದು ಚೆನ್ನಾಗಿ ಕಾಯಿ ಕಟ್ಟಿದರೆ, ಸುಲಿಯುವಾಗ ಅದರದ್ದೇ ಪರಾಗ ಬಿದ್ದಿತ್ತು ಅಂತ ತಿಳಿಯಿರಿ. ನಿಜವಾದ 39 ಆಗಿದ್ದರೆ ಗಿಡ ಬೆಳೆದೀತು, ಹೂ ಬಿಟ್ಟೀತು, ಪರಾಗ ಮಾತ್ರ ಬಹುತೇಕ ಪೊಳ್ಳು. ಪರಾಗ ಆಗುವ ಮೊದಲು ಕ್ರೋಮೋಸೋಮ್‌ಗಳು ನೊಗಕ್ಕೆ ಹೂಡಿದ ಎತ್ತಿನಂತೆ ಜೋಡಿ ಆಗಬೇಕು. ಹೆಚ್ಚುಕಡಿಮೆ 13 ಜೋಡಿ ಸಿಗುತ್ತವೆ, ಉಳಿದ 13 ಒಂಟಿ. ಒಂಟಿಯವು ಸಿಕ್ಕ ಕಡೆ ಹೋಗುತ್ತವೆ. ಸೂಕ್ಷ್ಮದರ್ಶಕ ಸಿಕ್ಕರೆ ಅಸಿಟೋಕಾರ್ಮೈನ್ ಅನ್ನೋ ಕೆಂಪು ಬಣ್ಣ ಹಾಕಿ ನೋಡಿ. ಒಳ್ಳೆಯ ಪರಾಗ ಕೆಂಪಾಗುತ್ತದೆ, ಪೊಳ್ಳು ಬಣ್ಣ ಹಿಡಿಯುವುದಿಲ್ಲ.

ಕ್ರಾಸಿಂಗ್ ಅಕ್ಕ:
ಮತ್ತೆ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಹೇಗಾಯಿತು ಸರ್? ಅದೂ ಎರಡು ಜಾತಿ ಕೂಡಿಸಿದ್ದೇ ಅಲ್ವಾ?

ಹಳೇ ಮಾಸ್ತರ:
1972ರಲ್ಲಿ ಧಾರವಾಡದಿಂದ ಬಂದ ತಳಿ. ಜಾತಿ ಬೇರೆಯಾದರೂ ಎರಡೂ 52ರವು. 26ಕ್ಕೆ 26 ಸೇರಿತು. ನಿಮಗೆ ಜಯಧರವೇ ಬೇಕಿದ್ದರೆ 2ಎನ್ 26 ಇರುವ ಇನ್ನೊಂದು ದೇಸಿ ಜಾತಿ, ಆರ್ಬೋರಿಯಮ್ ಹತ್ತಿಯ ಜೊತೆ ಮಾಡಿ. 39ನ್ನು ಕಾಲ್ಚಿಸಿನ್ ಅನ್ನೋ, ಕ್ರೋಮೋಸೋಮ್ ಇಮ್ಮಡಿ ಮಾಡುವ ರಾಸಾಯನಿಕದಿಂದ 78 ಮಾಡುವ ದಾರಿಯೂ ಇದೆ. ಆದರೆ ಅದು ವಿಷ, ಹಿತ್ತಲಿಗೆ ಬೇಡ.

ಎರೆಹೊಲ:
ಬೇಡ ಸರ್. ಮೂರು ಬೀಜಕ್ಕೂ ಕುಂಡ ಸಿದ್ಧ ಮಾಡಿದೆ. ಮೇಲೆ ‘39?’ ಅಂತ ಬರೆದಿದ್ದೇನೆ. ಅವ್ವ ಅದನ್ನು ಕುಂಡದ ರೇಟು ಅಂದುಕೊಂಡಿದ್ದಾಳೆ.