ಮಸಾಯ್ ಮಾರಾದ ಚಿಕ್ಕ ಟೆಂಟ್ ಕ್ಯಾಂಪ್: ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಅಷ್ಟು ದುಡ್ಡು ಕೊಡಬಹುದಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ, ಈಗ ಇರೋದು ಬೆಂಗಳೂರು. ಅಮ್ಮನಿಗೆ 64 ವರ್ಷ. ನಮಗೆ ಕಾಡಿನ ಹುಚ್ಚು ಹಿಡಿಸಿದವರೇ ಅವರು. ಚಿಕ್ಕವರಿದ್ದಾಗ ಭಾನುವಾರ ಬಂದರೆ ಬುತ್ತಿ ಕಟ್ಟಿಕೊಂಡು ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಕಬಿನಿಗೆ ನಾಲ್ಕು ಸಲ ಹೋಗಿದ್ದೇವೆ. ಬಯಲಿನಲ್ಲಿ ಮಲಗಿರುವ ಸಿಂಹವನ್ನು ಒಮ್ಮೆ ಕಣ್ಣಾರೆ ನೋಡಬೇಕು ಅಂತ ಅವರಿಗೆ ತುಂಬಾ ಆಸೆ. ನಾನೂ ತಂಗಿಯೂ ಸೇರಿ ದುಡ್ಡು ಕೂಡಿಟ್ಟಿದ್ದೇವೆ. ಮುಂದಿನ ವರ್ಷ ಆಗಸ್ಟ್‌ನಲ್ಲಿ ಕೀನ್ಯಾಕ್ಕೆ ಹೋಗೋಣ ಅಂತಿದ್ದೇವೆ.

ಎರಡು ಕಡೆಯಿಂದ ರೇಟು ಬಂದಿದೆ. ಒಂದು ದೊಡ್ಡ ಲಾಡ್ಜ್, 80 ರೂಮು, ಈಜುಕೊಳ ಎಲ್ಲಾ ಇದೆ. ಇನ್ನೊಂದು ನಬೊಯಿಶೊ ಅನ್ನೋ ಕನ್ಸರ್ವೆನ್ಸಿಯೊಳಗಿನ (ಪ್ರಾಣಿಗಳಿಗೆ ಅಂತ ಬಿಟ್ಟಿರುವ ಖಾಸಗಿ ಜಮೀನು) ಕ್ಯಾಂಪ್. ಬರೀ ಎಂಟು ಟೆಂಟು, ಈಜುಕೊಳ ಇಲ್ಲ, ಟಿವಿ ಇಲ್ಲ, ಸುತ್ತ ಬೇಲಿಯೂ ಇಲ್ಲ. ರೇಟು ಮಾತ್ರ ಹತ್ತಿರ ಹತ್ತಿರ ಮೂರು ಪಟ್ಟು! ಬಟ್ಟೆಯ ಟೆಂಟಿಗೆ ಯಾಕೆ ಇಷ್ಟೊಂದು ದುಡ್ಡು ಅಂತ ಅರ್ಥ ಆಗ್ತಿಲ್ಲ.

ಅಮ್ಮನಿಗೆ ಬಿಪಿ ಮಾತ್ರೆ ಇದೆ, ಮೊಣಕಾಲು ಸ್ವಲ್ಪ ನೋವು. ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಬೆಳಿಗ್ಗೆ ಬಿಸಿನೀರಿನ ಸ್ನಾನ ಆಗಲೇಬೇಕು. ಬೇಲಿ ಇಲ್ಲದ ಜಾಗದಲ್ಲಿ ರಾತ್ರಿ ಟೆಂಟಿನೊಳಗೆ ಮಲಗೋದು ಅವರಿಗೆ ಸರಿಹೋಗುತ್ತಾ? ಹೋಗಿಬಂದವರು ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಕಾಡಂಚು

ನಾವು 2023ರ ಫೆಬ್ರವರಿಯಲ್ಲಿ ಹೋಗಿದ್ದೆವು. ಅದೇ ನಬೊಯಿಶೊದಲ್ಲಿ, ಏಳು ಟೆಂಟಿನ ಕ್ಯಾಂಪಿನಲ್ಲಿ ನಾಲ್ಕು ರಾತ್ರಿ ಇದ್ದೆವು.

ಮೊದಲು ದುಡ್ಡಿನ ಮಾತು. ಅಲ್ಲಿ ನೀವು ಕೊಡೋದು ಟೆಂಟಿನ ಬಾಡಿಗೆ ಮಾತ್ರ ಅಲ್ಲ, ಟೆಂಟಿನ ಸುತ್ತ ಖಾಲಿ ಬಿಟ್ಟಿರುವ ನೆಲದ ಬಾಡಿಗೆಯೂ ಅದರಲ್ಲೇ ಸೇರಿದೆ. ಮಾರಾ ಮೀಸಲು ಪ್ರದೇಶ ಅಂದರೆ ಸುಮಾರು 1,500 ಚದರ ಕಿಲೋಮೀಟರ್, ಅದು ಸರ್ಕಾರದ್ದು. ಅದಕ್ಕೆ ತಾಗಿಕೊಂಡು ಉತ್ತರಕ್ಕೂ ಪೂರ್ವಕ್ಕೂ ಇರುವ ಹುಲ್ಲುಗಾವಲು ಮಸಾಯ್ ಜನರ ಸ್ವಂತ ಜಮೀನು. ಒಂದು ಕಾಲಕ್ಕೆ ಊರೊಟ್ಟಿಗೆ ಇದ್ದದ್ದು, ಆಮೇಲೆ ಮನೆಮನೆಗೆ ಪಾಲಾಯಿತು. ಒಬ್ಬೊಬ್ಬರೂ ತಮ್ಮ ಪಾಲಿಗೆ ಬೇಲಿ ಹಾಕಿಕೊಂಡರೆ ಪ್ರಾಣಿಗಳು ಎಲ್ಲಿಗೆ ಹೋಗಬೇಕು ಹೇಳಿ. ಅದಕ್ಕೇ ಜಮೀನಿನವರೆಲ್ಲ ಒಟ್ಟಾಗಿ ಅದನ್ನು ಕ್ಯಾಂಪ್‌ಗಳಿಗೆ ಗುತ್ತಿಗೆ ಕೊಟ್ಟರು, ಕನ್ಸರ್ವೆನ್ಸಿ ಅನ್ನೋದು ಇದನ್ನೇ. ನಬೊಯಿಶೊ ಶುರುವಾದದ್ದು 2010ರಲ್ಲಿ. ಸುಮಾರು 50,000 ಎಕರೆ, 500ಕ್ಕೂ ಜಾಸ್ತಿ ಜಮೀನುದಾರರು. ಅತಿಥಿಗಳು ಬರಲಿ ಬಿಡಲಿ, ಅವರಿಗೆ ಗುತ್ತಿಗೆ ಹಣ ಹೋಗಲೇಬೇಕು. ದನ ಮೇಯಿಸೋದೂ ನಿಂತಿಲ್ಲ, ಎಲ್ಲಿ ಯಾವಾಗ ಅಂತ ಮಾತಾಡಿಕೊಂಡು ಮೇಯಿಸುತ್ತಾರೆ. ಇದಕ್ಕೆ ಬದಲಾಗಿ ಟೆಂಟುಗಳ ಸಂಖ್ಯೆಗೆ ಮಿತಿ ಹಾಕಿದ್ದಾರೆ. ಪಕ್ಕದ ಓಲಾರೆ ಮೊಟೊರೋಗಿ ಕನ್ಸರ್ವೆನ್ಸಿಯಲ್ಲಂತೂ ಒಂದು ಟೆಂಟಿಗೆ 700 ಎಕರೆ ಅನ್ನೋ ಲೆಕ್ಕ ಇದೆ. ಒಂದು ಪ್ರಾಣಿಯ ಹತ್ತಿರ ಐದಕ್ಕಿಂತ ಜಾಸ್ತಿ ಗಾಡಿ ನಿಲ್ಲುವ ಹಾಗಿಲ್ಲ. ಮೀಸಲು ಪ್ರದೇಶದೊಳಗೆ ಗಾಡಿ ದಾರಿ ಬಿಟ್ಟು ಇಳಿಯಬಾರದು, ಕತ್ತಲಾದ ಮೇಲೆ ಓಡಾಡಬಾರದು. ಕನ್ಸರ್ವೆನ್ಸಿಯಲ್ಲಿ ಎರಡಕ್ಕೂ ಅವಕಾಶ ಇದೆ.

ನಮಗೆ ಇದರ ಬೆಲೆ ಗೊತ್ತಾಗಿದ್ದು ಎರಡನೇ ದಿನ ಬೆಳಿಗ್ಗೆ. ಒಂದು ಸಿಂಹಿಣಿ, ಮೂರು ಮರಿ. ನಮ್ಮ ಗಾಡಿ ಒಂದೇ. ಗೈಡ್ ಎಂಜಿನ್ ಆರಿಸಿದರು. ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದೆವು. ಚಳಿಗೆ ಅವಳ ಉಸಿರು ಹೊಗೆಯ ಹಾಗೆ ಕಾಣುತ್ತಿತ್ತು. ಮರಿಯ ಕಿವಿಯನ್ನು ಅವಳು ನೆಕ್ಕುತ್ತಿದ್ದರೆ ಆ ಒರಟು ನಾಲಿಗೆಯ ಸದ್ದು ನಮಗೆ ಕೇಳುತ್ತಿತ್ತು. ಹತ್ತಿಪ್ಪತ್ತು ಗಾಡಿ ಗುರುಗುಟ್ಟುವ ಕಡೆ ಆ ಸದ್ದು ಕೇಳಿಸೋದಿಲ್ಲ. ನಿಮ್ಮ ಅಮ್ಮನಿಗೆ ಬೇಕಾಗಿರೋದು ಇದೇ ಅಂತ ನನಗೆ ಅನ್ನಿಸುತ್ತಿದೆ.

ರಾತ್ರಿಯ ವಿಷಯ. ಕತ್ತಲಾದ ಮೇಲೆ ಟೆಂಟಿನಿಂದ ಒಬ್ಬರೇ ಹೊರಗೆ ಕಾಲಿಡುವ ಹಾಗಿಲ್ಲ, ಇದು ಮೊದಲ ನಿಯಮ. ಊಟಕ್ಕೆ ಕರೆದುಕೊಂಡು ಹೋಗಿ ವಾಪಸ್ ಬಿಡೋದಕ್ಕೆ ಕಾವಲಿನವರು ಬರುತ್ತಾರೆ, ಅಸ್ಕಾರಿ ಅಂತಾರೆ ಅಲ್ಲಿ. ಟಾರ್ಚ್ ಬೆಳಕನ್ನು ಪೊದೆಯಿಂದ ಪೊದೆಗೆ ಹಾಯಿಸುತ್ತಾ ಮುಂದೆ ನಡೆಯುತ್ತಾರೆ, ನಾವು ಅವರ ಹಿಂದೆ. ಟೆಂಟಿನಲ್ಲಿ ಸೀಟಿಯೋ ವಾಕಿಟಾಕಿಯೋ ಇಟ್ಟಿರುತ್ತಾರೆ. ಜಿಪ್ ಪೂರ್ತಿ ಎಳೆದುಕೊಂಡು ಮಲಗಬೇಕು, ಒಳಗೆ ತಿಂಡಿ ಏನೂ ಇಟ್ಟುಕೊಳ್ಳಬಾರದು. ಹಗಲಲ್ಲೂ ಜಿಪ್ ಬಿಟ್ಟು ಹೋದರೆ ಕೋತಿಗಳು ನುಗ್ಗುತ್ತವೆ. ಮೊದಲ ರಾತ್ರಿ ನನ್ನ ಹೆಂಡತಿಗೆ ನಿದ್ದೆ ಬರಲಿಲ್ಲ. ತಲೆಯ ಹತ್ತಿರವೇ, ಕ್ಯಾನ್ವಾಸ್‌ನ ಆಚೆ, ಹುಲ್ಲು ಹರಿಯುವ ಸದ್ದು. ಕೊಟ್ಟಿಗೆಯಲ್ಲಿ ಹಸು ಹುಲ್ಲು ಎಳೆದ ಹಾಗೆ ಪರ್ ಪರ್ ಅಂತ. ಬೆಳಿಗ್ಗೆ ನೋಡಿದರೆ ಜೀಬ್ರಾದ ಹೆಜ್ಜೆ. ದೂರದಲ್ಲಿ ಕತ್ತೆಕಿರುಬ ಊ... ಅಂತ ಮೇಲಕ್ಕೆ ಎಳೆದು ಕೂಗುತ್ತಿತ್ತು. ಮೂರನೇ ರಾತ್ರಿ ಅವಳು ಆ ಸದ್ದಿಗೇ ಕಾಯುತ್ತಾ ಎದ್ದು ಕೂತಿದ್ದಳು.

ಮಲ್ನಾಡ್ ಮಳೆ

ನಮ್ಮ ಅನುಭವವನ್ನೂ ಹೇಳಿಬಿಡುತ್ತೇನೆ, ನಿಮಗೆ ಹಾಗೆ ಆಗಬಾರದು.

ನಾವು ಬುಕ್ ಮಾಡಿದ್ದು ಒಬ್ಬ ಏಜೆಂಟ್ ಮೂಲಕ. ಐಷಾರಾಮಿ ಟೆಂಟ್ ಕ್ಯಾಂಪ್ ಅಂತ ಫೋಟೋ ತೋರಿಸಿದರು. ಹೋಗಿ ನೋಡಿದರೆ ಅದು ಮೀಸಲು ಪ್ರದೇಶದ ಗೇಟಿನ ಹೊರಗೆ, ಊರಿನ ಪಕ್ಕದಲ್ಲಿ. ಸಾಲಾಗಿ 50 ಟೆಂಟು, ರಾತ್ರಿ ಹತ್ತರವರೆಗೆ ಜನರೇಟರ್ ಸದ್ದು. ದಿನಾ ಬೆಳಿಗ್ಗೆ ಗೇಟಿನಲ್ಲಿ ಸಾಲಿನಲ್ಲಿ ನಿಂತೇ ಒಳಗೆ ಹೋಗಬೇಕು. ಒಂದು ಚೀತಾ ಸುತ್ತ ನಾನೇ 23 ಗಾಡಿ ಎಣಿಸಿದೆ. ಅದು ಬೇಟೆಗೆ ಹೊಂಚು ಹಾಕಿದಾಗಲೆಲ್ಲ ಯಾವುದೋ ಗಾಡಿ ಮುಂದೆ ಬರುತ್ತಿತ್ತು, ಅದು ಮತ್ತೆ ಕೂರುತ್ತಿತ್ತು. ನೋಡೋಕೆ ಆಗಲಿಲ್ಲ, ಹೊಟ್ಟೆ ಉರಿಯಿತು, ವಾಪಸ್ ಹೋಗೋಣ ಅಂದೆ. ಪಾರ್ಕ್ ಫೀ ಸೇರಿದೆ ಅಂತ ನಂಬಿದ್ದೆವು, ಅದೂ ಸೇರಿರಲಿಲ್ಲ.

ಅಡ್ವಾನ್ಸ್ ಕೊಡುವ ಮೊದಲು ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಕ್ಯಾಂಪ್ ಯಾವ ಕನ್ಸರ್ವೆನ್ಸಿಯೊಳಗೆ ಇದೆ, ಒಟ್ಟು ಎಷ್ಟು ಟೆಂಟು, ಕನ್ಸರ್ವೆನ್ಸಿ ಫೀ ರೇಟಿನಲ್ಲಿ ಸೇರಿದೆಯಾ, ಗಾಡಿ ನಿಮಗೊಬ್ಬರಿಗೇನಾ ಇಲ್ಲ ಬೇರೆಯವರ ಜೊತೆಗಾ. 'ಮಾರಾ ಹತ್ತಿರ' ಅಂದರೆ ಒಪ್ಪಿಕೊಳ್ಳಬೇಡಿ.

ಇನ್ನೊಂದು, ಆಗಸ್ಟ್ ಯಾಕೆ? ವೈಲ್ಡ್‌ಬೀಸ್ಟ್ ಹಿಂಡು ಮಾರಾ ನದಿ ದಾಟೋದನ್ನು ನೋಡಬೇಕಾ? ಹಾಗಿದ್ದರೆ ಜುಲೈಯಿಂದ ಅಕ್ಟೋಬರ್ ಸರಿ. ಆದರೆ ಆಗಲೇ ಜನವೂ ಜಾಸ್ತಿ, ರೇಟೂ ಜಾಸ್ತಿ. ಮೀಸಲು ಪ್ರದೇಶದ ಫೀಯೇ 2024ರಿಂದ ವಿದೇಶಿಯರಿಗೆ ದಿನಕ್ಕೆ ಜನವರಿಯಿಂದ ಜೂನ್ ತನಕ 100 ಡಾಲರ್, ಜುಲೈಯಿಂದ ಡಿಸೆಂಬರ್ ತನಕ 200. ಸಿಂಹಗಳು ಎಲ್ಲಿಗೂ ವಲಸೆ ಹೋಗೋದಿಲ್ಲ, ವರ್ಷಪೂರ್ತಿ ಅಲ್ಲೇ ಇರುತ್ತವೆ. ಅಮ್ಮನಿಗೆ ಸಿಂಹ ಸಾಕು ಅಂದರೆ ಜನವರಿ ಕೊನೆಗೋ ಫೆಬ್ರವರಿಗೋ ಹೋಗಿ. ಏಪ್ರಿಲ್, ಮೇ ಬೇಡ, ದೊಡ್ಡ ಮಳೆ, ಗಾಡಿ ಹೂತುಕೊಳ್ಳುತ್ತದೆ, ಎಷ್ಟೋ ಕ್ಯಾಂಪ್ ಮುಚ್ಚಿರುತ್ತವೆ.

ನೈರೋಬಿವಾಸಿ

ಇಲ್ಲಿ ಬಂದು 11 ವರ್ಷ ಆಯಿತು, ಮೂಲ ಧಾರವಾಡ. ಊರಿಂದ ಯಾರೇ ಬಂದರೂ ಮಾರಾಕ್ಕೆ ಕಳಿಸುವ ಕೆಲಸ ನನ್ನದೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ದಾರಿ: ನೈರೋಬಿಯಿಂದ ರಸ್ತೆಯಲ್ಲಿ ಹೋದರೆ ನಾರೋಕ್ ಊರಿನ ಮೇಲೆ ಐದಾರು ಗಂಟೆ, ಕನ್ಸರ್ವೆನ್ಸಿ ಒಳಗಿನ ದಾರಿ ಕುಲುಕಾಟ. ಮೊಣಕಾಲು ನೋವಿದ್ದವರಿಗೆ ವಿಮಾನವೇ ಸರಿ. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಚಿಕ್ಕ ವಿಮಾನ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಇಳಿಯೋದು ಮಣ್ಣಿನ ಪಟ್ಟಿಯ ಮೇಲೆ, ಕ್ಯಾಂಪಿನ ಗಾಡಿ ಅಲ್ಲೇ ಕಾಯುತ್ತಿರುತ್ತದೆ. ಒಬ್ಬರಿಗೆ 15 ಕೆಜಿ ಮಾತ್ರ, ಕೈಚೀಲವೂ ಸೇರಿ. ಅದೂ ಮೆತ್ತನೆಯ ಬ್ಯಾಗೇ ಆಗಬೇಕು, ಗಟ್ಟಿ ಸೂಟ್‌ಕೇಸ್ ಒಳಗೆ ಹಿಡಿಯೋದಿಲ್ಲ. ಬಟ್ಟೆ ಜಾಸ್ತಿ ತರಬೇಡಿ, ಎಷ್ಟೋ ಕ್ಯಾಂಪಿನಲ್ಲಿ ಅವರೇ ಒಗೆದು ಕೊಡುತ್ತಾರೆ. ಸ್ವೆಟರ್ ಮರೆಯಬೇಡಿ. ಮಾರಾ 1,500 ಮೀಟರ್‌ಗಿಂತ ಎತ್ತರದಲ್ಲಿದೆ, ತೆರೆದ ಗಾಡಿಯಲ್ಲಿ ಬೆಳಿಗ್ಗೆ ಆರಕ್ಕೆ ಹೊರಟರೆ ನಡುಗುತ್ತೀರಿ. ಮಿಲಿಟರಿ ಡಿಸೈನಿನ ಬಟ್ಟೆ ಇಲ್ಲಿ ಕಾನೂನಿಗೆ ವಿರುದ್ಧ. ಕಡು ನೀಲಿ, ಕಪ್ಪು ಬಟ್ಟೆಗೆ ತ್ಸೆತ್ಸೆ ನೊಣ ಬರುತ್ತದೆ, ಅದೂ ಬೇಡ. 2017ರಿಂದ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ನಿಷೇಧ, ಸಾಮಾನನ್ನು ಬಟ್ಟೆ ಚೀಲದಲ್ಲಿ ಕಟ್ಟಿ. ವೀಸಾ ಬದಲು ಈಗ ಇಟಿಎ ಅನ್ನೋ ಪ್ರಯಾಣ ಅನುಮತಿ, 2024ರ ಜನವರಿಯಿಂದ, ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಬೇಕು.

ಊಟದ ಬಗ್ಗೆ ಚಿಂತೆ ಬೇಡ. ಕೀನ್ಯಾದ ಅಡುಗೆಯವರಿಗೆ ಗುಜರಾತಿ ಮನೆಗಳ ಊಟ ತಲೆಮಾರುಗಳಿಂದ ಗೊತ್ತು. ಇಲ್ಲಿಯ ಮನೆಮನೆಯಲ್ಲೂ ಚಪಾತಿ ಇದೆ, ಹೆಸರೂ ಚಪಾತಿಯೇ. ಚಹಾಕ್ಕೆ ಚಾಯ್, ಈರುಳ್ಳಿ ಟೊಮೆಟೊ ಕೋಸಂಬರಿಯಂಥದ್ದಕ್ಕೆ ಕಚುಂಬರಿ, ಅಂಗಡಿಗೆ ದುಕಾ, ಗಾಡಿಗೆ ಗಾರಿ. ಅಮ್ಮನಿಗೆ ಇಲ್ಲಿಯ ಸ್ವಾಹಿಲಿ ಅರ್ಧ ಮೊದಲ ದಿನವೇ ಬಂದುಬಿಡುತ್ತದೆ! ಸುಕುಮ ವಿಕಿ ಅಂತ ಸೊಪ್ಪಿನ ಪಲ್ಯ, ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ಇದು ನಮ್ಮ ಮುದ್ದೆಯ ಅಣ್ಣನೇ ಸರಿ. ಆದರೆ ಸಾಮಾನೆಲ್ಲ ನೈರೋಬಿಯಿಂದ ಲಾರಿಯಲ್ಲಿ ಹೋಗಬೇಕು, ಅಲ್ಲಿ ಹೋದ ಮೇಲೆ ಹೇಳಿದರೆ ಅವರಿಗೂ ಕಷ್ಟ. ಬುಕ್ ಮಾಡುವಾಗಲೇ 'ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ, ಹಾಲು ಮೊಸರು ಆಗುತ್ತದೆ' ಅಂತ ಒಂದೊಂದಾಗಿ ಬರೆಯಿರಿ. ಬರೀ ಸಸ್ಯಾಹಾರ ಅಂದರೆ ಬೆಳಿಗ್ಗೆ ಆಮ್ಲೆಟ್ ಬರುತ್ತದೆ. ಚಟ್ನಿಪುಡಿ ತನ್ನಿ, ಅದನ್ನು ಅಡುಗೆಮನೆಯಲ್ಲಿ ಕೊಟ್ಟಿಡಿ, ಟೆಂಟಿನಲ್ಲಿ ಬೇಡ.

ಸ್ನಾನ: ಇಂಥ ಕ್ಯಾಂಪುಗಳಲ್ಲಿ ತುಂಬಾ ಕಡೆ ಬಕೆಟ್ ಶವರ್. ನೀವು ಹೇಳಿದ ಹೊತ್ತಿಗೆ ಟೆಂಟಿನ ಹಿಂದೆ ಒಬ್ಬರು ಸೌದೆ ಒಲೆಯಲ್ಲಿ ಕಾಯಿಸಿದ ನೀರು ತಂದು, ರಾಟೆಗೆ ಕಟ್ಟಿದ ಬಕೆಟ್ಟಿಗೆ ಸುರಿದು, ಹಗ್ಗ ಎಳೆದು ಮೇಲೇರಿಸಿ, ನೀರು ರೆಡಿ ಅಂತ ಕೂಗಿ ಹೇಳುತ್ತಾರೆ. ಸುಮಾರು 20 ಲೀಟರ್. ನಮ್ಮ ಕಡೆಯ ಬಚ್ಚಲ ಹಂಡೆಯ ನೀರಿನ ಹಾಗೇ ಸ್ವಲ್ಪ ಹೊಗೆಯ ವಾಸನೆ. ಮೊದಲು ಒದ್ದೆ ಮಾಡಿಕೊಂಡು, ನಲ್ಲಿ ನಿಲ್ಲಿಸಿ ಸೋಪು ಹಚ್ಚಿ, ಆಮೇಲೆ ತೊಳೆದುಕೊಂಡರೆ ಧಾರಾಳ ಸಾಕಾಗುತ್ತದೆ. ಬೆಳಿಗ್ಗೆ ಸಫಾರಿ ಬೇಗ ಹೊರಡುತ್ತದೆ, ಸ್ನಾನಕ್ಕೆ ಐದೂಕಾಲಿಗೇ ನೀರು ಬೇಕು ಅಂತ ಹಿಂದಿನ ರಾತ್ರಿ ಹೇಳಿಡಿ.

ಬೆಳಿಗ್ಗೆ ಎಬ್ಬಿಸೋಕೆ ಬಂದವರು ಹೊರಗೆ ನಿಂತು 'ಹೋದಿ' ಅನ್ನುತ್ತಾರೆ, ಒಳಗೆ ಬರಬಹುದಾ ಅಂತ. ನೀವು 'ಕರೀಬು' ಅನ್ನಬೇಕು. ಬನ್ನಿ ಅಂತ ಅರ್ಥ. ಅನ್ನೋವರೆಗೂ ಜಿಪ್ ಮುಟ್ಟೋದಿಲ್ಲ.

ಗುಳಿಗೆ

ನಾನು ಡಾಕ್ಟರ್. ಒಂದು ಮುಖ್ಯ ವಿಷಯ ಇನ್ನೂ ಯಾರೂ ಹೇಳಿಲ್ಲ.

ಕೀನ್ಯಾಕ್ಕೆ ಹೋಗುವ ಭಾರತೀಯರಿಗೆ ಹಳದಿ ಜ್ವರದ ಲಸಿಕೆ ಬೇಕು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹಾಕಿಸಿಕೊಂಡು 10 ದಿನ ಆದ ಮೇಲೆಯೇ ಕಾರ್ಡ್ ಲೆಕ್ಕಕ್ಕೆ ಬರುತ್ತದೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಆದರೆ ಇದು ಜೀವಂತ ವೈರಸ್‌ನ ಲಸಿಕೆ. 60 ದಾಟಿದವರು ಮೊದಲ ಸಲ ತೆಗೆದುಕೊಂಡಾಗ ಗಂಭೀರ ಅಡ್ಡಪರಿಣಾಮ ಆಗುವ ಸಾಧ್ಯತೆ ಚಿಕ್ಕವರಿಗಿಂತ ಜಾಸ್ತಿ. ಹಾಗೆ ಆಗೋದು ಅಪರೂಪ, ಆದರೂ ಅಮ್ಮನಿಗೆ 64 ಅಂದಿರಿ, ಅದಕ್ಕೇ ಹೇಳುತ್ತಿದ್ದೇನೆ. ಹಳೆಯ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ಮೊಟ್ಟೆಯ ಅಲರ್ಜಿ ಇದ್ದರೆ ಅದು, ಎಲ್ಲವನ್ನೂ ನಿಮ್ಮ ಡಾಕ್ಟರಿಗೆ ಹೇಳಿ, ಅವರು ಸರಿ ಅಂದ ಮೇಲೆ ಅಡ್ವಾನ್ಸ್ ಕಟ್ಟಿ. ಕಾರ್ಡ್ ಇಲ್ಲದೆ ವಾಪಸ್ ಬಂದರೆ ಇಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅದಕ್ಕೇ ಈ ಕ್ರಮ ತಪ್ಪಿಸಬೇಡಿ: ಮೊದಲು ಡಾಕ್ಟರ್, ಆಮೇಲೆ ಟಿಕೆಟ್.

ಮಲೇರಿಯಾ ಮಾತ್ರೆಯ ಬಗ್ಗೆಯೂ ಅದೇ ದಿನ ಕೇಳಿ. ಕೆಲವು ಮಾತ್ರೆಗಳನ್ನು ವಾಪಸ್ ಬಂದು ಒಂದು ವಾರ ತೆಗೆದುಕೊಳ್ಳಬೇಕು, ಕೆಲವನ್ನು ನಾಲ್ಕು ವಾರ. ಊರಿಗೆ ಬಂದೆವಲ್ಲ ಅಂತ ಮಧ್ಯದಲ್ಲಿ ನಿಲ್ಲಿಸಬಾರದು. ಬಿಪಿ ಮಾತ್ರೆ ಕೈಚೀಲದಲ್ಲೇ ಇರಲಿ, ಚೀಟಿಯ ಜೊತೆ. ತುರ್ತು ಇದ್ದರೆ ಕಾಡಿನಿಂದ ನೈರೋಬಿಗೆ ವಿಮಾನದಲ್ಲಿ ಕರೆತರುವ ವ್ಯವಸ್ಥೆ ಕ್ಯಾಂಪಿನ ರೇಟಿನಲ್ಲಿ ಸೇರಿದೆಯಾ ಅಂತ ಕೇಳಿ. ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಎಷ್ಟೋ ವರ್ಷಗಳಿಂದ ವಿಲ್ಸನ್‌ನಿಂದಲೇ ಈ ಕೆಲಸ ಮಾಡುತ್ತಿದ್ದಾರೆ.

ತುಂಗಾತೀರ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಹಂಡೆ ನೀರು ಅಂದ ಕೂಡಲೇ ಅರ್ಧ ಒಪ್ಪಿಬಿಟ್ಟರು. ಸಿಂಹಿಣಿ ಕಿವಿ ನೆಕ್ಕುವ ಭಾಗವನ್ನು ಇನ್ನೊಂದು ಸಲ ಓದು ಅಂದರು.

ಆಗಸ್ಟ್ ಬಿಟ್ಟು ಫೆಬ್ರವರಿ ಅಂತ ಮಾಡಿದ್ದೇವೆ. ಲಸಿಕೆಗೆ ಡಾಕ್ಟರ್ ಹತ್ತಿರ ಗುರುವಾರ ಹೋಗುತ್ತಿದ್ದೇವೆ, ಅವರು ಹೂಂ ಅಂದರೆ ಮಾತ್ರ ಮುಂದಿನ ಮಾತು. ದುಡ್ಡು ಸರಿದೂಗಿಸೋಕೆ ಆರು ರಾತ್ರಿ ಬದಲು ಚಿಕ್ಕ ಕ್ಯಾಂಪಿನಲ್ಲೇ ಮೂರು ರಾತ್ರಿ ಇರೋಣ ಅಂತ ತಂಗಿ ಹೇಳುತ್ತಿದ್ದಾಳೆ. ಮೂರು ಸಾಕಾಗುತ್ತಾ? ಇಲ್ಲ, ಎರಡು ಕಡೆ ಎರಡೆರಡು ರಾತ್ರಿ ಮಾಡೋದಾ?

ಕಾಡಂಚು

ಒಂದೇ ಕಡೆ ಮೂರು ರಾತ್ರಿ ಇರಿ. ಕ್ಯಾಂಪ್ ಬದಲಾಯಿಸಿದರೆ ಅರ್ಧ ದಿನ ಕಟ್ಟೋದು ಬಿಚ್ಚೋದರಲ್ಲೇ ಹೋಗುತ್ತದೆ. ಅದೇ ಗೈಡ್ ಮೂರು ದಿನವೂ ಇದ್ದರೆ ನಿಮಗೆ ಏನು ಇಷ್ಟ ಅಂತ ಅವರಿಗೆ ಗೊತ್ತಾಗಿರುತ್ತದೆ, ನಿನ್ನೆ ಮಲಗಿದ್ದ ಸಿಂಹಗಳು ಇವತ್ತು ಎಲ್ಲಿವೆ ಅಂತ ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಗೈಡ್ ಅಲ್ಲಿಯವರೇ. ಕೊಯಾಕಿ ಗೈಡಿಂಗ್ ಶಾಲೆಯಲ್ಲಿ ಕಲಿತವರು. ಚಿಕ್ಕವರಿದ್ದಾಗ ಅದೇ ಬಯಲಲ್ಲಿ ದನ ಕಾಯುತ್ತಿದ್ದರಂತೆ.

ಅಮ್ಮನ ಮೊಣಕಾಲಿನ ವಿಷಯ ಈಗಲೇ ಬರೆದು ತಿಳಿಸಿ. ಗಾಡಿಯ ಮೆಟ್ಟಿಲು ಎತ್ತರ ಇರುತ್ತದೆ, ಚಿಕ್ಕ ಸ್ಟೂಲ್ ಇಟ್ಟುಕೊಡುತ್ತಾರೆ. ಹಿಂದಿನ ಸಾಲಿನಲ್ಲಿ ಕುಲುಕಾಟ ಜಾಸ್ತಿ, ಡ್ರೈವರ್ ಹಿಂದಿನ ಮೊದಲ ಸಾಲು ಅಮ್ಮನಿಗೆ ಕೊಡಿ. ಟೆಂಟ್ ಕೊಡುವಾಗ ಊಟದ ಜಾಗಕ್ಕೆ ಹತ್ತಿರ ಇರೋದನ್ನೇ ಕೇಳಿ, ಕೊನೆಯ ಟೆಂಟ್ ಅಂದರೆ ಕತ್ತಲಲ್ಲಿ ಇನ್ನೂರು ಮೀಟರ್ ಕಲ್ಲುದಾರಿ ನಡೆಯಬೇಕು. ಮಲಗುವಾಗ ಹಾಸಿಗೆಯೊಳಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟಿರುತ್ತಾರೆ. ಮೊದಲೇ ಹೇಳಿಡಿ, ಗೊತ್ತಿಲ್ಲದೆ ಕಾಲಿಗೆ ತಾಗಿದರೆ ಯಾವುದೋ ಪ್ರಾಣಿ ಅಂತ ಹೆದರಿಬಿಡುತ್ತಾರೆ. ನನ್ನ ಹೆಂಡತಿ ಹಾಗೇ ಕಿರುಚಿದ್ದಳು, ಅಸ್ಕಾರಿ ಓಡಿ ಬಂದಿದ್ದರು.